ಲ್ಯಾಬಿನ ಮೊಲಗಳನ್ನು ಸಾಕಿದವರು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು. ಪ್ರಾಣಿಗಳ ಬದಲು ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಿ, ಅದರ ಮೇಲೆ ಹೊಸ ಔಷಧಿ ಪರೀಕ್ಷಿಸುವ ಕೆಲಸವಂತೆ. ಸರ್ಕಾರ ಕಾನೂನು ತಿದ್ದಿ ಅದಕ್ಕೆ ಒಪ್ಪಿಗೆ ಕೊಟ್ಟಿದೆಯಂತೆ. ಮೂರನೇ ಕ್ಲಾಸು ಓದಿದ ನನಗೆ ಅಷ್ಟು ತಿಳಿದದ್ದೇ ಸಾಕಾಯಿತು, ಕುಣಿಯುವುದೊಂದು ಬಾಕಿ.

ಆಗ ನೆನಪಾದವರು ಔಷಧಿ ಲ್ಯಾಬಿನಲ್ಲಿ ಮೊಲ ಸಾಕುತ್ತಿದ್ದ ಒಬ್ಬ ಅಣ್ಣ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ನಾನು ಕಂಪ್ಲಿಯಿಂದ ತಂದ ಸೊಪ್ಪು ಮಾರುವಾಗ ದಿನಾ ಬೆಳಿಗ್ಗೆ ಬರುತ್ತಿದ್ದರು. ಒಂದೊಂದು ಕಟ್ಟಿನಿಂದಲೂ ಎಲೆ ಕಿತ್ತು, ತಾವೇ ಜಗಿದು ನೋಡುತ್ತಿದ್ದರು.

"ಸಾಯೋ ಮೊಲಕ್ಕ ಇಷ್ಟ್ಯಾಕ ಆರಿಸ್ತೀರಣ್ಣ?" ಎಂದು ಕೆಣಕಿದರೆ, "ಇರೋತನಕ ಚಲೋ ತಿನ್ನಲಿ ಬಿಡವ್ವ" ಎನ್ನುತ್ತಿದ್ದರು. ದಿನಾ ಅದೇ ಮಾತು.

ಒಂದು ದಿನ ಹಾಗೆಯೇ ಸೊಪ್ಪನ್ನು ಚೀಲಕ್ಕೆ ತುಂಬಿಕೊಂಡು ಹೊರಟವರು ಸ್ವಲ್ಪ ದೂರದಲ್ಲೇ ನಿಂತರು. ತಿರುಗಿ ಬಂದು ನನ್ನ ಪಕ್ಕ ಕುಳಿತರು.

"ನಿನ್ನೆ ಪರೀಕ್ಷಾದಾಗ ಎಲ್ಲಾ ಮುಗುದ್ವವ್ವ. ಮರತು ಬಂದೀನಿ."

ಸೊಪ್ಪು ವಾಪಸು ಕೊಡಿ ಎಂದೆ. ಕೊಡಲಿಲ್ಲ. ಅದು ಬಿಸಿಲಿಗೆ ಬಾಡುವವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಈಗ ಅವರಿಲ್ಲ. ಇದ್ದಿದ್ದರೆ ಮೊದಲು ಏನು ಕೇಳುತ್ತಿದ್ದರೋ ಅದನ್ನು ನಾನೇ ಮೊಮ್ಮಗಳಿಗೆ ಕೇಳಿದೆ.

"ಹಂಗಾದ್ರ ಮೊಲ ಕೊಲ್ಲೋದು ನಿಂತಂಗೇನವ್ವ?"

"ಪೂರ್ತಿ ನಿಂತಿಲ್ಲಜ್ಜಿ. ಬ್ಯಾರೆ ದಾರಿ ಆಗತೈತಿ ಅಂದಾರ, ಹಳೇದು ಬ್ಯಾಡ ಅಂದಿಲ್ಲ."

ಸಂಜೆ ಮನೆಯವರೆಲ್ಲ ಒಟ್ಟಿಗೆ ಉಣ್ಣಲು ಕುಳಿತೆವು. ಅವಳಿಗೆ ಇನ್ನೊಂದು ಹೋಳಿಗೆ ಬಡಿಸುತ್ತ, "ಜಲ್ದಿ ಮಾಡ್ರವ್ವ ಆ ಕೆಲಸಾನ" ಎಂದೆ. ತುತ್ತು ಕೈಯಲ್ಲಿ ಹಿಡಿದೇ ಅವಳು ಹ್ಞೂಂ ಎಂದಳು.