ಕಲ್ಲುಗಳಿಗೂ ಪೂಜೆ

‘ಹಾಲು ಕಾಯಿಸೋಕೆ ಬರಲ್ಲ, ಕಲ್ಲು ಕಾಯಿಸ್ತಾಳಂತೆ’ ಎಂದು ರಾಜಾಜಿನಗರದ ನಮ್ಮ ಸೋದರತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಸುಳ್ಳೇನಲ್ಲ. ಎಂಬತ್ತರ ದಶಕದ ಆ ವರ್ಷಗಳಲ್ಲಿ, ನಾಯಂಡಹಳ್ಳಿ ದಾಟಿದ ಮೇಲೆ ಸಿಗುವ ಪ್ರಯೋಗಾಲಯದಲ್ಲಿ ನನಗಿದ್ದದ್ದು ಅದೇ ಕೆಲಸ.

ಶಿಲಾರಸ ಆರಿ ಕಲ್ಲಾಗುವಾಗ ಭೂಮಿಯ ಕಾಂತಗುಣವನ್ನು ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ನೂರು ಡಿಗ್ರಿಗೆ ಕಾಯಿಸಿ, ಆರಿಸಿ, ಅಳೆಯಬೇಕು. ಆಮೇಲೆ ಇನ್ನೂರು, ಮುನ್ನೂರು. ಪ್ರತಿ ಸಲ ಕಾಂತಗುಣ ಎಷ್ಟು ಕಳೆಯಿತು ಎಂಬುದೇ ನನ್ನ ಪಿಎಚ್.ಡಿ. ಫರ್ನೇಸು ನೋಡಿಕೊಳ್ಳುತ್ತಿದ್ದವರು ನಮ್ಮ ಅಟೆಂಡರ್. ಕೆಂಗೇರಿಯವರು, ಒಂಬತ್ತು ವರ್ಷದಿಂದ ದಿನಗೂಲಿ. ಆ ವರ್ಷ ಅವರ ಕೆಲಸ ಕಾಯಂ ಆಗುವುದಿತ್ತು.

ಆಯುಧಪೂಜೆಗೆ ಅವರು ಸುತ್ತಿಗೆ, ಸ್ಪ್ಯಾನರುಗಳನ್ನೆಲ್ಲ ತೊಳೆದು ವಿಭೂತಿ ಹಚ್ಚುತ್ತಿದ್ದರು. ಬಸ್ಸಿಗೆ ಹೊರಟಿದ್ದ ನಾನು ಬಾಗಿಲಲ್ಲಿ ನಿಂತು, ‘ಅಣ್ಣಾ, ನನ್ನ ಕಲ್ಲುಗಳನ್ನೂ ಪೂಜೆಗೆ ಇಡಿ, ರಿಸಲ್ಟ್ ಚೆನ್ನಾಗಿ ಬರ್ಲಿ’ ಅಂದೆ. ತಮಾಷೆಗಲ್ಲ, ನಿಜವಾಗಿಯೂ ಭಯವಿತ್ತು.

‘ಆಯ್ತಮ್ಮ, ಒಳ್ಳೇ ಜಾಗದಲ್ಲೇ ಇಡ್ತೀನಿ’ ಅಂದರು.

ರಜೆ ಮುಗಿಸಿ ಬಂದು ನೋಡುತ್ತೇನೆ, ಅಯ್ಯೋ ದೇವರೇ! ಪಕ್ಕದ ಕೋಣೆಯ ಭಾರಿ ಅಯಸ್ಕಾಂತಕ್ಕೆ ಸೇವಂತಿಗೆ ಹಾರ ಹಾಕಿದ್ದಾರೆ. ಪ್ರಯೋಗಾಲಯಕ್ಕೆಲ್ಲ ಅದೇ ದೊಡ್ಡದು ಎಂಬ ಭಕ್ತಿ. ಅದಕ್ಕೆ ಒತ್ತಿಕೊಂಡು ಸುತ್ತಲೂ ನನ್ನ ಕಲ್ಲುಗಳು, ಒಂದೊಂದಕ್ಕೂ ಕುಂಕುಮ. ಅಳೆದೆ. ಇನ್ನೂರು ಡಿಗ್ರಿಗೆ ಕಾಯಿಸಿದಾಗ ಇಳಿದಿದ್ದ ಅಂಕಿಗಳೆಲ್ಲ, ಅಯಸ್ಕಾಂತದ ಗುಣ ಹತ್ತಿ, ಎಷ್ಟೋ ಪಟ್ಟು ಏರಿ ಕೂತಿದ್ದವು. ಎರಡು ವರ್ಷ ಮಾಗಡಿ ರಸ್ತೆಯ ಬಂಡೆಗಳಲ್ಲಿ ಅಲೆದು ತಂದ ಕಲ್ಲುಗಳು ಯಾತಕ್ಕೂ ಬರದಂತಾಗಿದ್ದವು.

ಪ್ರೊಫೆಸರ್ ಕೂಗಾಡಿದರು. ‘ಯಾರ್ರೀ ಇಟ್ಟಿದ್ದು?’

‘ನಾನೇ ಸಾರ್.’

‘ಯಾರನ್ನ ಕೇಳಿ ಇಟ್ಟೆ?’

ಅಟೆಂಡರ್ ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿಕೊಂಡು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ. ‘ಯಾರನ್ನೂ ಕೇಳ್ಲಿಲ್ಲ ಸಾರ್, ತಪ್ಪಾಯ್ತು’ ಅಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಮರುದಿನದಿಂದ ಬರಬೇಡ ಎಂದು ಅವರನ್ನು ಕಳಿಸಿಬಿಟ್ಟರು.

ನಾನು ಹೊಸ ಕಲ್ಲು ತಂದು ಮತ್ತೆ ನೂರರಿಂದ ಶುರುಮಾಡಿದೆ. ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ನಾಯಂಡಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಗೋಡೌನ್ ಗೇಟಿನ ವಾಚ್‌ಮನ್ ಎದ್ದು ಬಂದರು. ಅವರೇ. ಖಾಕಿ ಅಂಗಿ ಮೈಮೇಲೆ ಜೋತಾಡುತ್ತಿತ್ತು.

‘ಕಲ್ಲು ಸರಿಹೋದ್ವಾ ಅಮ್ಮ?’

‘ಬೇರೆ ತಂದೆ ಅಣ್ಣ. ಡಾಕ್ಟರೇಟ್ ಬಂತು.’

‘ಸದ್ಯ!’ ಎಂದು ಕೈ ಮುಗಿದರು. ಆಮೇಲೆ ಹತ್ತಿರ ಬಂದು, ಮೆಲ್ಲಗೆ ಹೇಳಿದರು: ‘ನೀವು ಇಡೋಕೆ ಹೇಳಿದ್ದು ಅಂತ ಇವತ್ತಿಗೂ ಯಾರ ಹತ್ರಾನೂ ಹೇಳಿಲ್ಲ. ಹೆದರ್ಕೋಬೇಡಿ.’

ಬಸ್ಸು ಬಂತು. ನಾನು ಹತ್ತಿಬಿಟ್ಟೆ.