ದಾನವ್ವನ ತಾಲೀಮು

ದಾನವ್ವನ ಬಲಗಾಲಿನ ಮೊಣಕಾಲು ಕೆಟ್ಟದ್ದು ಒಂದು ಎಮ್ಮೆಯ ದೆಸೆಯಿಂದ. 1939ರ ಮಳೆಗಾಲ. ತಲೆಯ ಮೇಲೆ ಹುಲ್ಲಿನ ಹೊರೆ, ಕೈಗೆ ಸುತ್ತಿದ ಎಮ್ಮೆಯ ಹಗ್ಗ. ಯಲವಿಗಿಯ ಎರೆಹೊಲದ ಕೆಸರಿನಲ್ಲಿ ಪಾದ ಹೂತಿತ್ತು. ಎಮ್ಮೆ ಮಗ್ಗುಲ ಹೊಲದ ಹಸಿರು ಕಂಡು ಅತ್ತ ಜಗ್ಗಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಳಗೆ ಏನೋ ಚಟ್ಟೆಂದಿತು. ಸುದ್ದಿ ಮನೆಗೆ ಮುಟ್ಟಿದಾಗ ಅತ್ತೆ ಶಿವಬಸವ್ವ ಮೊದಲು ಕೇಳಿದ್ದು, "ಎಮ್ಮಿ ಎಲ್ಲಿ ಹೋತು?"

ಎಲುಬು ಕೂಡಿಸುವವನು ಎಣ್ಣೆ ತಿಕ್ಕಿ ಬಿದಿರಿನ ದಬ್ಬೆ ಕಟ್ಟಿ ಹೋದ. ಬಾವು ಇಳಿಯಿತು, ಆದರೆ ಕಾಲಿನ ಮೇಲಿನ ನಂಬಿಕೆ ತಿರುಗಿ ಬರಲಿಲ್ಲ. ನಡೆಯುತ್ತ ನಡೆಯುತ್ತಲೇ ಮೊಣಕಾಲು ಜಾರುತ್ತಿತ್ತು. ಹಾಗೆಂದು ಅವಳ ಪಾಲಿನ ಕೆಲಸವೇನೂ ಕಡಿಮೆಯಾಗಲಿಲ್ಲ. ಎರಡು ವರ್ಷ ಅದೇ ಕಾಲಿನ ಮೇಲೆ ನೀರು ಹೊತ್ತಳು, ಸಗಣಿ ಬಾಚಿದಳು, ಬೀಸಿದಳು. ಒಂದು ದಿನ ಕುದಿಯುವ ಅಂಬಲಿಯ ಗಡಿಗೆ ಇಳಿಸುವಾಗ ಕಾಲು ಜಾರಿ ಮುಂಗೈ ಸುಟ್ಟುಕೊಂಡಳು. ಆಗ ಚಿಕ್ಕೇರೂರಿನಿಂದ ಅವಳ ಅಣ್ಣ ನಾಗಪ್ಪ ಬಂದ. ಗಂಡ ಕುಬೇರಪ್ಪ "ಅವ್ವನ್ನ ಕೇಳಬೇಕು" ಅನ್ನುವಷ್ಟರಲ್ಲಿ ತಂಗಿಯನ್ನು ಟೇಶನ್ನಿಗೆ ಕರೆತಂದು, ರೈಲು ಹತ್ತಿಸಿ ಮಿಶನ್ ದವಾಖಾನೆಗೆ ಒಯ್ದ.

ಮೊಣಕಾಲಿನೊಳಗೆ ಎಲುಬಿಗೆ ಎಲುಬು ಕಟ್ಟಿ ಹಿಡಿಯುವ ನಾರು ಹರಿದಿತ್ತು. ಅವಳದೇ ತೊಡೆಯಿಂದ ಒಂದು ಪಟ್ಟಿ ತೆಗೆದು ಅಲ್ಲಿಗೆ ಹೊಲಿದರು. ಮೇಲೆ ಸುಣ್ಣದಂಥ ಗಟ್ಟಿ ಪಟ್ಟಿ ಕಟ್ಟಿದರು. ಅದನ್ನು ಬಿಚ್ಚಿ ಮನೆಗೆ ಕಳಿಸುವ ದಿನ ಡಾಕ್ಟರಬಾಯಿ ಎದುರಿಗೆ ಕೂತಳು.

"ಆರು ತಿಂಗಳು ನೆಲಕ್ಕ ಕೂಡಬ್ಯಾಡ, ಬೀಸಬ್ಯಾಡ. ಪಾದ ಊರಿ ಮೈ ತಿರುವಬ್ಯಾಡ. ದಿನಾ ಮೂರು ಸಲ ಅಂಗಾತ ಮಲಗಿ ಕಾಲು ನೆಟ್ಟಗ ಮ್ಯಾಲೆತ್ತು. ಹೊರಸಿನ ಅಂಚಿಗೆ ಕುಂತು ಸಾವಕಾಶ ಮಡಚು, ಚಾಚು. ದಿನಾ ನಡಿ. ಮುಂಜಾನೆ ಎದ್ದಾಗ ಮೊಣಕಾಲು ಬಾತು ಬಿಸಿ ಆಗಿದ್ರ, ನಿನ್ನೆ ಹೆಚ್ಚಾತು ಅಂತ ತಿಳಿ."

"ಮನಿ ಕೆಲಸ ಮಾಡಿದ್ರ ಕಸರತ್ತು ಆದಂಗ ಅಲ್ಲೇನ್ರಿ?" ದಾನವ್ವ ಕೇಳಿದಳು.

"ಅಲ್ಲ. ಕೆಲಸ ಮನಿ ಬೇಡಿದಷ್ಟು ಆಗ್ತೈತಿ. ಕಸರತ್ತು ಮೊಣಕಾಲು ತಾಳುವಷ್ಟು. ಇದು ಮತ್ತ ಹರಿದ್ರ ಹೊಲಿಯೋದು ನನ್ನ ಕೈಯಾಗಿಲ್ಲ, ನೆನಪಿಟ್ಕೊ."

ದಾನವ್ವ ನೆನಪಿಟ್ಟಳು. ಊರಿಗೆ ಬಂದ ವಾರದಲ್ಲೇ ನೆರೆಮನೆಯ ಭರಮವ್ವನ ಕೈಯಿಂದ ಅಡುಗೆಮನೆಯ ಮೂಲೆಯಲ್ಲಿ ಸೊಂಟದೆತ್ತರ ಮಣ್ಣಿನ ಕಟ್ಟೆ ಹಾಕಿಸಿ, ಅದರ ಮೇಲೆ ಒಲೆ ಹೂಡಿಸಿದಳು. ನಿಂತೇ ರೊಟ್ಟಿ ಬಡಿದಳು. ಓಣಿಯ ಹೆಂಗಸರು ಬೆಂಕಿ ಕೇಳುವ ನೆವದಲ್ಲಿ ಬಂದು ಬಗ್ಗಿ ನೋಡಿ ಹೋದರು.

ಆದರೆ ಶಿವಬಸವ್ವನ ಕಣ್ಣು ಕುಕ್ಕಿದ್ದು ಒಲೆಯಲ್ಲ, ಪಡಸಾಲೆಯಲ್ಲಿ ಚಾಪೆ ಹಾಸಿದ ಹೊರಸಿನ ಮೇಲೆ ಸೊಸೆ ಮಲಗಿ ಕಾಲೆತ್ತುವುದು.

"ಹಗಲು ಹೊತ್ತಿನ್ಯಾಗ ಅಂಗಾತ ಮಲಗೋರು ಇಬ್ಬರು. ಒಂದು ಬಾಣಂತಿ, ಇನ್ನೊಂದು ಹೆಣ. ನೀ ಯಾವಾಕಿ?"

"ಮೂರನೇದಾಕಿ ಅಂತ ತಿಳ್ಕೋರಿ ಅತ್ತಿ," ಅಂದಳು ದಾನವ್ವ, ಎಣಿಕೆ ತಪ್ಪದಂತೆ. "ಹದಿನಾರು, ಹದಿನೇಳು..."

ಮೊದಲ ತಿಂಗಳು ಬರೀ ಕಾಲು. ಆಮೇಲೆ ಹಳೆಯ ಸೀರೆಯ ಚೂರಿನಲ್ಲಿ ಚೀಲ ಹೊಲಿದು ಪಾವು ಜೋಳ ತುಂಬಿ ಪಾದಕ್ಕೆ ಕಟ್ಟಿಕೊಂಡಳು. ಅತ್ತೆ ಅದನ್ನು ಕಿತ್ತು ಗಡಿಗೆಗೆ ಸುರಿದಳು. "ಉಣ್ಣೋ ಕಾಳು ಕಾಲಿಗೆ ಕಟ್ತಿಯೇನ?"

"ಕಣದಾಗ ಎತ್ತು ತುಳಿದ ಕಾಳರಿ ಅದು," ಅಂದಳು ದಾನವ್ವ. ಮರುದಿನ ಅದೇ ಚೀಲದಲ್ಲಿ ಹಳ್ಳದ ಉಸುಕು ತುಂಬಿತ್ತು. ಉಸುಕಿಗೆ ಶಿವಬಸವ್ವನ ಬಳಿ ಶಾಸ್ತ್ರವಿರಲಿಲ್ಲ.

ಅದೇ ಮನೆಯಲ್ಲಿ ಮೈದುನ ಕರಿಬಸಪ್ಪನೂ ತಾಲೀಮು ಮಾಡುತ್ತಿದ್ದ. ಮುಂಜಾನೆ ಐನೂರು ಬೈಠಕ್, ಸಂಜೆ ಗರಡಿಯ ಕೆಂಪುಮಣ್ಣು. ಅವನ ಖುರಾಕಿಗೆಂದು ತಾಯಿಯೇ ಹಾಲು ಕಾಸಿ, ಬದಾಮು ಅರೆದು ಕೊಡುತ್ತಿದ್ದಳು. ಅವನು ಹಗಲು ಮಲಗಿ ಮೈಗೆ ಎಣ್ಣೆ ಹಚ್ಚಿಸಿಕೊಂಡರೆ ಬಾಣಂತಿಯ ಮಾತು ಬರುತ್ತಿರಲಿಲ್ಲ.

ಬೀಸುವುದನ್ನು ಕೆಲಸದ ಮಂಜವ್ವ ಮಾಡುತ್ತಿದ್ದಳು. ಯುದ್ಧದ ದೆಸೆಯಿಂದ ಎಣ್ಣೆ ಸಿಗದೆ ಗಿರಣಿ ನಿಂತಿತ್ತು. ಇಡೀ ಮನೆಯ ಜೋಳ ಒಂದೇ ಕಲ್ಲಿನಲ್ಲಿ ಇಳಿಯಬೇಕು. ತನ್ನ ಮೊಣಕಾಲಿನಿಂದ ಇಳಿದ ಭಾರ ಮಂಜವ್ವನ ಸೊಂಟಕ್ಕೆ ಏರಿದೆ ಎನ್ನುವುದು ದಾನವ್ವನಿಗೆ ಕಾಣುತ್ತಿತ್ತು. ಹೇಳಬೇಕೆಂದರೆ ಯಾರಿಗೆ ಹೇಳುವುದು?

ನಾಲ್ಕನೆಯ ತಿಂಗಳಿಗೆ ಸುಗ್ಗಿ ಬಂತು. ಮಂಜವ್ವ ಹೊಲಕ್ಕೆ ಹೋದಳು. ಅದೇ ವಾರ ಸವಣೂರಿನ ಕುಸ್ತಿ. ಕರಿಬಸಪ್ಪನ ಗರಡಿಯ ಉಸ್ತಾದ ಬಂದೇಸಾಬ ಆರು ಜನ ಶಿಷ್ಯರ ಜೊತೆ ಊಟಕ್ಕೆ ಬಂದು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು. ಹಿಟ್ಟಿನ ಗಡಿಗೆಯಲ್ಲಿ ಕೈ ಆಡಿಸಿದರೆ ತಳ ಸಿಗುತ್ತಿತ್ತು.

"ಏಳು," ಅಂದಳು ಶಿವಬಸವ್ವ. "ನನ್ನ ರಟ್ಟಿ ಸೋತಾವು. ಮೂರು ತಿಂಗಳು ಕಾಲೆತ್ತಿದಿ. ಇನ್ನ ಕಲ್ಲಿಗೆ ಕೂಡು. ಅದೂ ನಿನಗ ತಾಲೀಮ."

"ಕೂಡಂಗಿಲ್ರಿ."

ಒಲ್ಲೆನೆಂಬ ಮಾತು ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಕುಬೇರಪ್ಪ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕೊನೆಗೆ ತನ್ನ ಕೆರ ನೋಡಿದ. "ಮಂದಿ ಕುಂತಾರ. ಒಂದ್ ಸೇರು ಬೀಸಿದ್ರ ಏನಾಕ್ಕೈತಿ?"

ಡಾಕ್ಟರಬಾಯಿಯ ಮಾತು ಗೊತ್ತಿದ್ದದ್ದು ದಾನವ್ವನೊಬ್ಬಳಿಗೇ. ಹರಿದರೆ ಬೀಳುವವಳೂ ಅವಳೊಬ್ಬಳೇ. ಸೆರಗು ಬಿಗಿದುಕೊಂಡು ಬಾಗಿಲಿಗೆ ಬಂದಳು.

"ಉಸ್ತಾದ್ರ, ಒಂದ್ ಮಾತು ಕೇಳಲ್ರಿ?"

"ಕೇಳವಾ."

"ನಿಮ್ಮ ಹುಡುಗರೊಳಗ ಯಾರದರ ಮೊಣಕಾಲು ಉಳುಕಿದ್ರ ಎಷ್ಟು ದಿನಕ್ಕ ಬೈಠಕ್ ಹೊಡಸ್ತೀರಿ?"

ಬಂದೇಸಾಬ ಗಡ್ಡ ನೀವಿಕೊಂಡರು. "ಉಳುಕಿದ್ರ ಎರಡು ತಿಂಗಳು ಮಣ್ಣಿಗೆ ಇಳಿಸಂಗಿಲ್ಲ. ಮೊದಲು ನಡಿಗಿ, ಆಮ್ಯಾಲೆ ಅರ್ಧ ಬೈಠಕ್. ಗಡಿಬಿಡಿ ಮಾಡಿದಾಂವ ಕುಂಟ ಆಗ್ತಾನ. ಮೂರು ಮಂದಿ ಆಗ್ಯಾರ."

"ಅಷ್ಟೂ ದಿನ ಅವಗ ಉಣ್ಣಾಕ ಹಾಕ್ತೀರಿ?"

"ಹಾಕದ ಏನವಾ. ಮೈ ಕೂಡಬೇಕಲ್ಲ."

"ಆಂವ ಗಂಡಸು," ಒಳಗಿನಿಂದ ಶಿವಬಸವ್ವ ಅಂದಳು. "ಮೈ ಅವನ ಬದುಕು."

"ನನ್ನ ಬದುಕು ಯಾವುದರ ಮ್ಯಾಲೈತ್ರಿ ಅತ್ತಿ? ನೀರು ಹೊರೋದು ಇದೇ ಕಾಲ, ಹೊಲಕ್ಕ ಬುತ್ತಿ ಒಯ್ಯೋದೂ ಇದೇ ಕಾಲ." ದಾನವ್ವ ಕರಿಬಸಪ್ಪನ ಕಡೆ ತಿರುಗಿದಳು. "ಬೀಸೋದು ತಾಲೀಮ ಅಂತಾರ ಅತ್ತಿ. ತಾಲೀಮು ಮಾಡೋರು ಈ ಮನ್ಯಾಗ ನೀವೂ ಒಬ್ರು. ಬರ್ರಿ, ರಟ್ಟಿ ಬಲಿತಾವು."

ಶಿಷ್ಯರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕರಿಬಸಪ್ಪನ ಕಿವಿ ಕೆಂಪಾದವು. "ವೈನಿ, ನಾನು ಬೀಸಲೇನ? ಊರಾಗ ತಲಿ ಎತ್ತಂಗಿಲ್ಲ."

"ದಿನಾ ಐನೂರು ಬೈಠಕ್ ಹೊಡಿಯೋರಿಗೆ ಎರಡು ಸೇರು ಜೋಳ ಅಂಜಿಕಿ ಆತೇನ್ರಿ?"

ಬಂದೇಸಾಬ ನಗಲಿಲ್ಲ. ಎದ್ದು ಬಂದು ಬಾಗಿಲಲ್ಲೇ ನಿಂತು ಬೀಸುಕಲ್ಲನ್ನು ಒಮ್ಮೆ ನೋಡಿದರು. "ಭಾರ ಐತಿ. ಗರಡ್ಯಾಗ ಕಟ್ಟಿಗಿ ಲೋಡು ತಿರುವಿದ್ಹಂಗ ಆಗ್ತೈತಿ ಬಿಡು. ಕೂಡೋ ಕರಿಬಸ್ಯಾ, ಹೊಟ್ಟಿ ಹಸದೈತಿ."

ಉಸ್ತಾದರ ಮಾತು ಮೀರುವ ಹಾಗಿರಲಿಲ್ಲ. ಮೊದಲ ಸೇರು ಮುಗಿಯುವಷ್ಟರಲ್ಲಿ ಜಗಜಟ್ಟಿಯ ಅಂಗೈಯಲ್ಲಿ ಬೊಬ್ಬೆ ಎದ್ದವು, ಹಿಟ್ಟು ರವೆಯಂತೆ ಬಂತು. ದಾನವ್ವ ಅದನ್ನೇ ಬಿಸಿನೀರಲ್ಲಿ ನಾದಿ, ನಿಂತೇ ಬಡಿದು ಬೇಯಿಸಿದಳು. ರೊಟ್ಟಿಯ ಅಂಚು ಬಿರಿದಿತ್ತು. ಯಾರೂ ಕೊಂಕು ತೆಗೆಯದೆ ಉಂಡರು.

ಆ ಸಂಜೆ ಕರಿಬಸಪ್ಪ ಅಂಗೈ ನೋಡಿಕೊಳ್ಳುತ್ತ ಕೂತಿದ್ದವನು ಮೆಲ್ಲಗೆ ಕೇಳಿದ, "ದಿನಾ ಇಷ್ಟು ಬೀಸ್ತಿದ್ರೇನ ವೈನಿ?"

"ಇಷ್ಟಲ್ರಿ. ಇದರ ಎರಡರಷ್ಟು. ನಿಮ್ಮ ಖುರಾಕಿನ ಗೋದಿ ಬ್ಯಾರೆ."

ಮರುದಿನ ಅವನಾಗಿಯೇ ಕಲ್ಲಿಗೆ ಕೂತ. ಸುಗ್ಗಿಯುದ್ದಕ್ಕೂ ಬೀಸಿದ. ಶಿವಬಸವ್ವ ಮಗ ಬೀಸುವುದು ಓಣಿಯವರಿಗೆ ಕಾಣದಿರಲೆಂದು ಬೀದಿಯ ಬಾಗಿಲು ಮುಂದೆ ಮಾಡುತ್ತಿದ್ದಳು. ಸೊಸೆ ಅದನ್ನು ಮತ್ತೆ ತೆಗೆಯುತ್ತಿದ್ದಳು. ಒಮ್ಮೆ ಹಟಕ್ಕೆ ಬಿದ್ದು ದಾನವ್ವ ಸೇರಿನ ತೂಕವನ್ನೇ ಕಾಲಿಗೆ ಕಟ್ಟಿ ಎತ್ತಿದಳು. ಬೆಳಗಾಗುವಷ್ಟರಲ್ಲಿ ಮೊಣಕಾಲು ಬಾತು ಬಿಸಿಯಾಗಿತ್ತು. ಎರಡು ದಿನ ಚೀಲ ಮುಟ್ಟಲಿಲ್ಲ, ಮೂರನೆಯ ದಿನ ಅರ್ಧ ಸೇರಿಗೆ ಇಳಿದಳು. ತನ್ನ ಹಟವೂ ಅತ್ತೆಯ ಹಟದಷ್ಟೇ ಕೆಡಿಸಬಲ್ಲದೆಂದು ಅವಳಿಗೆ ಅಂದು ತಿಳಿಯಿತು.

ಆರು ತಿಂಗಳು ತುಂಬಿದಾಗ ಕಣದ ಕೆಲಸ ಇನ್ನೂ ಮುಗಿದಿರಲಿಲ್ಲ. ದಾನವ್ವ ಕೋಲಿಲ್ಲದೆ ಟೇಶನ್ನಿನವರೆಗೆ ಹೋಗಿ ಬಂದಳು. ಮರುದಿನ ಮುಂಜಾನೆ ಮೊಣಕಾಲು ಮುಟ್ಟಿ ನೋಡಿದಳು. ತಣ್ಣಗಿತ್ತು. ಅಂದು ಯಾರೂ ಹೇಳದೆ, ಕರಿಬಸಪ್ಪ ಬೀಸುತ್ತಿದ್ದ ಕಲ್ಲಿನ ಬಳಿ ಗೋಡೆ ಹಿಡಿದು ಸಾವಕಾಶ ನೆಲಕ್ಕೆ ಕೂತಳು. ಮೊಣಕಾಲು ಅಷ್ಟಿಷ್ಟು ಗೊಣಗಿ ಮಡಚಿತು, ತಾಳಿತು.

ನೋಡುತ್ತಿದ್ದ ಶಿವಬಸವ್ವ ಕೂಡಲೇ ಕೂಗಿದಳು, "ಕರಿಬಸ್ಯಾ, ಏಳಪಾ. ನಿಮ್ಮ ವೈನಿ ಕಾಲು ನೆಟ್ಟಗಾತು."

ದಾನವ್ವ ಕಲ್ಲಿನ ಆಚೆ ಬದಿಗೆ ಸರಿದು, ಬಲಗಾಲನ್ನು ಮುಂದೆ ನೀಡಿಕೊಂಡು, ಗೂಟಕ್ಕೆ ಒಂದು ಕೈ ಹಾಕಿದಳು. ಇನ್ನೊಂದು ಕೈಯಿಂದ ಎದುರಿಗೆ ಏಳಲು ಹೊರಟ ಮೈದುನನನ್ನು ತಡೆದಳು.

"ಕೂಡ್ರಿ," ಅಂದಳು. "ಅರ್ಧ ನಂದು. ಅರ್ಧ ನಿಮ್ಮದ."