ತಟ್ಟೆಯಲ್ಲಿದ್ದ ಚಿಪಳಿ

ನಾನು ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಡ್ಯೂಟಿ ಹೋದರೂ ಡ್ಯೂಟಿಯ ಅಭ್ಯಾಸ ಹೋಗಲಿಲ್ಲ. ಹೀಗಾಗಿ ಮನೆಯಲ್ಲಿದ್ದ ಹಳೆಯ ಗ್ರಾಮೋಫೋನ್ ತಟ್ಟೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಸಿ.ಡಿ. ಮಾಡಬೇಕೆಂದು ನನ್ನ ಗಂಡ ಹೊರಟಾಗ, ವೈರುಗಳನ್ನು ಅವರಿಗೆ ಬಿಟ್ಟು ಉಳಿದ ವ್ಯವಸ್ಥೆಯನ್ನು ನಾನು ಕೈಗೆ ತೆಗೆದುಕೊಂಡೆ.

ಮೊದಲು ಸ್ನಾನ, ಪೂಜೆ, ನಾಷ್ಟಾ ಮುಗಿಯಬೇಕು. ಆಮೇಲೆ ಒಂದು ತಟ್ಟೆ. ಅದನ್ನು ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ಗೆರೆ ಹೋದ ದಿಕ್ಕಿನಲ್ಲೇ ಒರೆಸಬೇಕು. ನಡುವಿನ ಕಾಗದಕ್ಕೆ ನೀರು ತಾಗಬಾರದು. ನೆರಳಿನಲ್ಲಿ ಆರಬೇಕು. ತಟ್ಟೆ ತಿರುಗುವಾಗ ಯಾರೂ ಓಡಾಡಬಾರದು, ಏಕೆಂದರೆ ಹೆಜ್ಜೆಯ ಅದುರಿಗೆ ಸೂಜಿ ಜಿಗಿಯುತ್ತಿತ್ತು. ಎರಡನೆಯ ತಟ್ಟೆ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಯಬೇಕು. ಮೂರನೆಯದು ನಾಳೆಗೆ.

"ಇದು ಮನಿನೋ, ಆಪರೇಶನ್ ಥೇಟರೋ?" ಎಂದು ಗಂಡ ಕೇಳುತ್ತಿದ್ದರು.

"ಮಾತಾಡಬ್ಯಾಡ್ರಿ. ಪ್ಲೇಟ ತಿರಗೂ ಹೊತ್ತು."

"ಇನ್ನಾ ಸೂಜಿ ಇಟ್ಟೇ ಇಲ್ಲ, ನನ್ನವ್ವಾ!"

ಅವರು ಕಾಗದದ ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯ ನಂತರ ಸುಮ್ಮನೆ ಕೂಡಲಾಗದೆ ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದನ್ನು ತಂದಿದ್ದರು. ಆಗಿನ್ನೂ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆ ಕಡಿಮೆ. ಆಂಪ್ಲಿಫೈಯರಿನಿಂದ ಅದಕ್ಕೆ ವೈರು ಜೋಡಿಸಿ, ಹಾಡು ಪರದೆಯ ಮೇಲೆ ಹಸಿರು ಅಲೆಯಾಗಿ ಮೂಡಿದ ದಿನ ಅವರು ನನ್ನನ್ನು ಅಡಿಗೆಮನೆಯಿಂದ ಕರೆದು ತೋರಿಸಿದರು.

ತಟ್ಟೆಯಲ್ಲಿ ಗೀರು ಬಿದ್ದಲ್ಲಿ 'ಟಕ್' ಎಂದು ಸದ್ದಾಗುತ್ತದಲ್ಲ, ಅದು ಆ ಅಲೆಯ ನಡುವೆ ಚೂಪಾದ ಮೊಳೆಯಂತೆ ಎದ್ದು ನಿಲ್ಲುತ್ತಿತ್ತು. ಅಂಥ ಮೊಳೆಗಳನ್ನು ತಾನೇ ಹುಡುಕಿ ಅಳಿಸಿಬಿಡುವ ಸಾಫ್ಟ್‌ವೇರ್ ಒಂದು ಅವರಿಗೆ ಸಿಕ್ಕಿತ್ತು. ಸ್ವಲ್ಪ ಅಳಿಸಬೇಕೋ ಪೂರ್ತಿ ಅಳಿಸಬೇಕೋ ಎಂದು ಅದು ಕೇಳುತ್ತಿತ್ತು. ನಾವು ಪೂರ್ತಿ ಎಂದೇ ಹೇಳುತ್ತಿದ್ದೆವು. ಅರ್ಧ ತೊಳೆದ ಪಾತ್ರೆಯನ್ನು ಯಾರು ಎತ್ತಿಡುತ್ತಾರೆ? ಕೆಲಸ ಮುಗಿದ ಮೇಲೆ ಜಾಗ ಉಳಿಸಲು ಮೊದಲಿನ ಗೀರುಗಳಿದ್ದ ಪ್ರತಿಯನ್ನು ಕಂಪ್ಯೂಟರಿನಿಂದ ತೆಗೆದುಹಾಕುತ್ತಿದ್ದೆವು. ತಟ್ಟೆ ಮಾತ್ರ ನಾನು ಹೊಲಿದ ಬಟ್ಟೆಯ ಚೀಲದಲ್ಲಿ ಕೂತು ಟ್ರಂಕಿಗೆ ಹೋಗುತ್ತಿತ್ತು.

ಆ ರಾಶಿಯಲ್ಲಿ ಒಂದು ಸಣ್ಣ ತಟ್ಟೆಯಿತ್ತು. ಬದಿಗೊಂದರಂತೆ ಎರಡು ಭಜನೆ. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಕಾರ್ಖಾನೆಯ ಕೆಲಸಗಾರರು ಕಾಲೊನಿಯಲ್ಲಿ ಕಟ್ಟಿಕೊಂಡಿದ್ದ ಭಜನಾ ಮಂಡಳಿಯ ತಟ್ಟೆ ಅದು. ಮುಂಬಯಿಯ ಧ್ವನಿಮುದ್ರಣದವರು ಒಮ್ಮೆ ಹುಬ್ಬಳ್ಳಿಗೆ ಬಂದಾಗ ಇವರಿಗೂ ಕರೆ ಬಂದಿತ್ತು. ಹಾಡಿದವರ ಹೆಸರಷ್ಟೇ ನಡುವಿನ ಕಾಗದದ ಮೇಲೆ ಅಚ್ಚಾಯಿತು. ಹಾರ್ಮೋನಿಯಂ ಯಾರದು, ತಬಲಾ ಯಾರದು, ಚಿಪಳಿ ಯಾರದು ಎಂದು ಇರಲಿಲ್ಲ. ಚಿಪಳಿ ನನ್ನ ಭಾವನದು. ಎಂದರೆ ಅದೇ ಕಾರ್ಖಾನೆಯಲ್ಲಿದ್ದ ನನ್ನ ಗಂಡನ ಅಣ್ಣನದು.

ಚಿಪಳಿ ಎಂದರೆ ಮರದ ಎರಡು ಹೋಳು. ಒಂದಕ್ಕೆ ಹೆಬ್ಬೆರಳು, ಇನ್ನೊಂದಕ್ಕೆ ಉಳಿದ ಬೆರಳು ಸಿಕ್ಕಿಸಿ ಒಂದೇ ಕೈಯಲ್ಲಿ ಬಾರಿಸುತ್ತಾರೆ. ಭಾವನ ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ಮುಗಿದಿದ್ದವು. ಚಿಕ್ಕಂದಿನಲ್ಲಿ ಹುಟ್ಟೂರಾದ ಸಾಂಬ್ರಾಣಿಯ ಹೊಲದಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕ ಬೆರಳುಗಳು. ಆದರೂ ಆ ಕೈಯಲ್ಲೇ ಬಾರಿಸುತ್ತಿದ್ದರು. ಮಾತು ಬಹಳ ಕಡಿಮೆ. ನಾನು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವರು ಸಾಯುವವರೆಗೆ ನನ್ನ ಜೊತೆ ಆಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಸಂಜೆಯ ಹರಟೆಯಾಗಲಿಕ್ಕಿಲ್ಲ.

ಭಾವ ಆ ಧ್ವನಿಮುದ್ರಣಕ್ಕೆಂದು ಹುಬ್ಬಳ್ಳಿಗೆ ಹೋದ ದಿನವೇ ಹತ್ತಿರದ ಕೋಗಿಲಬನದಲ್ಲಿ ಅವರ ಅತ್ತೆ, ಎಂದರೆ ಭಾವನ ಹೆಂಡತಿಯಾದ ನನ್ನ ನೆಗೆಣ್ಣಿಯ ತಾಯಿ, ತೀರಿಕೊಂಡರು. ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ನೆಗೆಣ್ಣಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಬ್ಬರೇ ತವರಿಗೆ ಹೋದರು. ಹೆಗಲು ಕೊಡಬೇಕಾದ ಹಿರಿಯ ಅಳಿಯ ಬಂದದ್ದು ಮಣ್ಣು ಮುಗಿದ ಮರುದಿನ. ಅಷ್ಟರಲ್ಲಿ ನೆಗೆಣ್ಣಿಯ ತಮ್ಮ ಹೆಣದ ಮುಂದೆಯೇ ಅಂದಾಗಿತ್ತು: "ಚಿಪಳಿ ಬಾರಸಾವಗ ಪ್ಲೇಟಿನ್ಯಾಗ ಯಾರ ಜಾಗಾ ಕೊಡ್ತಾರ? ಹುಬ್ಬಳ್ಯಾಗ ನಾಟಕ ನೋಡಕೋಂತ ಕುಂತಿರಬೇಕ."

ಕೂತಿದ್ದವರಲ್ಲಿ ಕೆಲವರು ನಕ್ಕರಂತೆ. ನೆಗೆಣ್ಣಿ ಇದನ್ನು ನನಗೆ ಒಂದೇ ಸಲ ಹೇಳಿದ್ದು. ಆದರೆ ಆ ತಟ್ಟೆಯನ್ನು ಅವರು ಯಾವತ್ತೂ ಕೇಳಲಿಲ್ಲ. ಗಣಪತಿ ಹಬ್ಬದಲ್ಲಿ ಮೈಕಿಗೆ ಹಾಕಿದರೆ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಭಾವ ಕೇಳೆಂದು ಒತ್ತಾಯ ಮಾಡಲಿಲ್ಲ. ನಿವೃತ್ತಿಯಾಗಿ ಸಾಂಬ್ರಾಣಿಗೆ ಹೋಗುವಾಗ ತಟ್ಟೆಯನ್ನು ತಂದು ನನ್ನ ಗಂಡನ ಕೈಯಲ್ಲಿಟ್ಟು ಹೋದರು. ಅಲ್ಲಿ ಕೆಲವು ವರ್ಷ ಹೊಲ ನೋಡಿಕೊಂಡಿದ್ದು ತೀರಿಕೊಂಡರು.

ಆ ತಟ್ಟೆಯ ಸಿ.ಡಿ. ತಯಾರಾದ ದಿನ ನನ್ನ ಗಂಡ ಸಾಂಬ್ರಾಣಿಯಲ್ಲಿದ್ದ ಅತ್ತಿಗೆಗೆ ಫೋನು ಮಾಡಿದರು. "ವೈನಿ, ಅಣ್ಣನ ಪ್ಲೇಟ ಸ್ವಚ್ಛ ಮಾಡೇನ್ರಿ. ಬಂದು ಕೇಳ್ರಿ." ಲೈನು ಕಡಿದಿರಬೇಕೆಂದು ಇವರು ಹಲೋ ಹಲೋ ಅನ್ನತೊಡಗಿದಾಗ, "ಬರ್ತೇನಿ," ಎಂದು ಕೇಳಿಸಿತಂತೆ.

ಹಳಿಯಾಳದಲ್ಲಿ ಬಸ್ಸು ಬದಲಿಸಿ ನೆಗೆಣ್ಣಿ ಮರುದಿನ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಕುರ್ಚಿ ಕೊಟ್ಟರೆ ಬೇಡವೆಂದು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು.

"ಚಾ ಕುಡೀರಿ ಮದಲ, ಅಕ್ಕಾ," ಎಂದೆ.

"ಆಮ್ಯಾಲ ಕುಡೀತೇನಿ ತಂಗಿ. ಅದನ್ನ ಹಚ್ಚಂತ ಹೇಳು."

ನನ್ನ ಗಂಡ ಸಿ.ಡಿ. ಹಚ್ಚಿದರು. ಹಾಡುವವರ ದನಿ ಮಗ್ಗುಲಲ್ಲೇ ಕೂತು ಹಾಡಿದಷ್ಟು ನಿಚ್ಚಳ. ಹಾರ್ಮೋನಿಯಂ ನಿಚ್ಚಳ, ತಬಲಾ ಮೆತ್ತಗೆ. ಒಂದು ಗೀರಿಲ್ಲ. ಗಂಡ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನೆಗೆಣ್ಣಿ ತಲೆ ಬಗ್ಗಿಸಿ ಕೊನೆಯವರೆಗೂ ಕೇಳಿದರು.

"ಛಲೋ ಹಾಡ್ಯಾರ," ಎಂದರು. ಆಮೇಲೆ, "ಚಿಪಳಿ ಎಲ್ಲೈತಿ?" ಎಂದು ಕೇಳಿದರು.

"ಒಳಗ ಐತಲ್ರೀ ವೈನಿ."

"ನನಗ ಕೇಳಸ್ಲಿಲ್ಲ."

ಗಂಡ ಸದ್ದು ಏರಿಸಿ ಮತ್ತೆ ಹಚ್ಚಿದರು. ಈ ಸಲ ನಾನೂ ಅದೊಂದನ್ನೇ ಹುಡುಕಿಕೊಂಡು ಕೇಳಿದೆ. ಇರಲಿಲ್ಲ. ಎಷ್ಟೋ ಸಲ ಕೇಳಿದ್ದ ಹಾಡು; ಅದರಲ್ಲಿ ಚಿಪಳಿ ಇದೆಯೆಂಬುದು ಎಷ್ಟು ಗೊತ್ತಿತ್ತೆಂದರೆ, ಇಲ್ಲದ್ದು ನಮ್ಮ ಕಿವಿಗೆ ಬಿದ್ದಿರಲೇ ಇಲ್ಲ.

ನೆಗೆಣ್ಣಿ ಸೆರಗು ಸರಿಮಾಡಿಕೊಂಡರು. "ಹಂಗಾರ ನನ್ನ ತಮ್ಮ ಅಂದದ್ದ ಖರೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಏನಂತ ಮಾತಾಡ್ತೀರಿ ವೈನಿ? ಅವತ್ತ ಅಣ್ಣನ್ನ ನಾನ ಬಸ್ಸ ಹತ್ತಿಸಿ ಬಂದೇನ್ರಿ."

"ಹತ್ತಿದ್ದ ನಾನೂ ನೋಡೇನಿ. ಇಳದ ಎಲ್ಲಿ ಹೋದ್ರು ಅಂತ ಯಾರ ನೋಡ್ಯಾರ?"

ಸತ್ತವರನ್ನು ಕೇಳುವಂತಿಲ್ಲ, ಮಂಡಳಿಯ ಉಳಿದವರು ಯಾವ ಯಾವ ಊರಿಗೋ ಹೋಗಿಯಾಗಿತ್ತು. ನಾನು ಆಸ್ಪತ್ರೆಯಲ್ಲಿ ಬಹಳ ಮುಖ ನೋಡಿದವಳು. ಕೆಟ್ಟ ಸುದ್ದಿ ಗಟ್ಟಿಯಾದಾಗ ಕೆಲವರ ಮುಖ ಅಳುವುದಕ್ಕೆ ಬದಲು ಬರಿದಾಗುತ್ತದೆ. ನೆಗೆಣ್ಣಿಯ ಮುಖ ಹಾಗಾಗಿತ್ತು. ಗಂಡ ಹೋದ ಮೇಲೆ ಮತ್ತೊಮ್ಮೆ ಗಂಡನನ್ನು ಕಳೆದುಕೊಳ್ಳಲು ಅವರು ಬಸ್ಸು ಹತ್ತಿ ಬಂದಂತಾಗಿತ್ತು.

ನನ್ನ ಗಂಡ ಕಂಪ್ಯೂಟರಿನ ಮುಂದೆ ನಿಂತು ಪರದೆಯ ಮೇಲಿನ ಅಲೆಯನ್ನೇ ನೋಡುತ್ತಿದ್ದರು. ನುಣ್ಣಗಿನ ಅಲೆ, ಎಲ್ಲಿಯೂ ಒಂದು ಮೊಳೆ ಇಲ್ಲ. ಥಟ್ಟನೆ ಹಣೆಗೆ ಕೈ ಬಡಿದುಕೊಂಡರು.

"ಏ, ಪ್ಲೇಟ ತಗೀ ಟ್ರಂಕಿನ್ಯಾಗಿಂದು! ಇದು ಚಿಪಳೀನೂ ಗೀರು ಅಂತ ತಿಳದ ಅಳಿಸೈತಿ!"

ಮರಕ್ಕೆ ಮರ ಬಡಿದ ಸದ್ದು ಚಿಕ್ಕದು, ಚೂಪಾದದ್ದು. ಸೂಜಿ ಗೀರು ದಾಟುವ ಸದ್ದೂ ಅಂಥದ್ದೇ. ಯಂತ್ರಕ್ಕೆ ಎರಡೂ ಒಂದೇ. ಪೂರ್ತಿ ಅಳಿಸು ಎಂದಿದ್ದೆವು, ಪೂರ್ತಿ ಅಳಿಸಿತ್ತು.

ತಟ್ಟೆ ತಂದೆ. ಒರೆಸಲಿಲ್ಲ. ಗಂಡ ಸೂಜಿ ಇಟ್ಟರು. ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿದಂತೆ ಚಟಪಟ ಶುರುವಾಯಿತು. ಅದರ ಹಿಂದೆ ಹಾಡು. ನಾನು ಕಿವಿಗೊಟ್ಟೆ, ಯಾವುದು ಗೀರು, ಯಾವುದು ಚಿಪಳಿ ಎಂದು ನನಗೆ ತಿಳಿಯಲಿಲ್ಲ. ಗಂಡನಿಗೂ ತಿಳಿದಂತೆ ಕಾಣಲಿಲ್ಲ. ಅವರು ನಡುನಡುವೆ "ಇದ, ಇದ ನೋಡ್ರಿ" ಎನ್ನುತ್ತಿದ್ದರು, ನೆಗೆಣ್ಣಿ "ಅದಲ್ಲ" ಎನ್ನುತ್ತಿದ್ದರು.

ಆಮೇಲೆ ಅವರು ತೋರುಬೆರಳು ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ಬೆರಳಿನ ಜೊತೆ ಕೇಳತೊಡಗಿದ ಮೇಲೆ ನನಗೂ ಸಿಕ್ಕಿತು. ಒಂದು ಪೆಟ್ಟು ಗಟ್ಟಿ, ಮುಂದಿನದು ಅರ್ಧ. ಅರ್ಧ ಬೆರಳುಗಳ ಮೇಲೆ ಹೋಳು ವಾಲಿ, ಅಂಚಿಗಷ್ಟೇ ತಾಗಿದ ಪೆಟ್ಟು. ಗಟ್ಟಿ, ಅರ್ಧ. ಗಟ್ಟಿ, ಅರ್ಧ. ಗೀರುಗಳು ತಮಗೆ ತೋಚಿದಲ್ಲಿ ಸಿಡಿಯುತ್ತಿದ್ದವು. ಇದು ಎಲ್ಲಿಯೂ ತಾಳ ಬಿಡಲಿಲ್ಲ.

"ಹೂಂ," ಎಂದರು ನೆಗೆಣ್ಣಿ. "ಅದಾರ."

ಎರಡನೆಯ ಬದಿಯನ್ನೂ ಕೇಳಿದರು. ಆಮೇಲೆ ಚಹಾ ಕುಡಿದರು. ತಣ್ಣಗಾಗಿದೆ, ಬಿಸಿ ಮಾಡುತ್ತೇನೆ ಎಂದರೂ ಕೊಡಲಿಲ್ಲ. ಲೋಟ ಕೆಳಗಿಟ್ಟು, ನಮ್ಮಿಬ್ಬರನ್ನೂ ನೋಡದೆ ಹೇಳಿದರು:

"ಎಷ್ಟ ಸಲ ಪ್ಲೇಟ ಕೈಯಾಗ ಹಿಡಕೊಂಡ ಬಾಗಲದಾಗ ನಿಂತಿದ್ರು. ಕೇಳ್ತಿಯೇನು ಅಂತ ಬಾಯಿ ಬಿಟ್ಟ ಅನ್ನಲಿಲ್ಲ. ನಾನೂ ಹಚ್ಚರಿ ಅನ್ನಲಿಲ್ಲ."

ಗಂಡ, ಸಿ.ಡಿ.ಯನ್ನು ಈ ಸಲ ಕಾಳಜಿಯಿಂದ ಮಾಡುತ್ತೇನೆ, ಗೀರುಗಳನ್ನಷ್ಟೇ ಒಂದೊಂದಾಗಿ ಆರಿಸಿ ತೆಗೆಯುತ್ತೇನೆ, ಒಂದು ವಾರ ಸಾಕು ಎಂದರು.

"ವಾರ ಯಾಕ? ಈಗಿದ್ದಂಗ ಒಂದ ಕ್ಯಾಸೆಟಿಗೆ ತುಂಬಿ ಕೊಡು. ಕೋಗಿಲಬನಕ್ಕ ಹೋಗೂಣು."

"ಇವತ್ತ?"

"ಇವತ್ತ. ನನ್ನ ತಮ್ಮ ಏನು ಸಾವಿರ ವರ್ಷ ಇರ್ತಾನೇನು?"

ನನ್ನ ದಿನಚರಿಯಲ್ಲಿ ಮಧ್ಯಾಹ್ನದ ಊಟವನ್ನು ಬಿಟ್ಟು ಹೊರಟದ್ದು ನೆನಪಿಲ್ಲ. ಅಂದು ಹೊರಟೆ. ಆಟೋದಲ್ಲಿ ನೆಗೆಣ್ಣಿ ಕ್ಯಾಸೆಟ್ ಹಿಡಿದುಕೊಂಡಿದ್ದರು, ನಾನು ಟೇಪ್ ರೆಕಾರ್ಡರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಗಂಡ ಮುಂದೆ ಡ್ರೈವರನ ಪಕ್ಕದಲ್ಲಿದ್ದರು.

ಅವರ ತಮ್ಮ ಅಂಗಳದಲ್ಲಿ ಕೂತು ಎತ್ತಿಗೆ ಹಗ್ಗ ಹೊಸೆಯುತ್ತಿದ್ದರು. ಹಲ್ಲುಗಳೆಲ್ಲ ಹೋಗಿದ್ದವು, ನಗೆ ಮಾತ್ರ ಹಾಗೇ ಇತ್ತು.

"ಏನಕ್ಕಾ, ಹೇಳದ ಕೇಳದ ದಂಡ ಕಟಗೊಂಡ ಬಂದಿ? ಅನ್ನ ಮತ್ತೊಮ್ಮಿ ಇಡಸ್ಬೇಕೀಗ."

"ಅನ್ನ ಬ್ಯಾಡ. ಒಂದ ಭಜನಿ ಕೇಳು."

ಕಟ್ಟೆಯ ಮೇಲೆ ಟೇಪ್ ಇಟ್ಟು ಹಚ್ಚಿದೆವು. ಅವರು ಕಿವಿಯ ಹಿಂದೆ ಕೈ ಹಿಡಿದು ಬಗ್ಗಿದರು. "ಏನ ಇದು, ತಗಡಿನ ಮ್ಯಾಲ ಮಳಿ ಬಿದ್ದಂಗ ಆಗಾಕತ್ತೈತಿ?"

"ಅದರಾಗ ಚಿಪಳಿ ಕೇಳಸ್ತೈತಿಲ್ಲ?" ಎಂದರು ನೆಗೆಣ್ಣಿ.

"ತಡಿ... ಹೂಂ, ಕೇಳಸ್ತೈತಿ. ಯಾರ ಬಾರಸಾಕತ್ತಾರ?"

"ನಿಮ್ಮ ಅಕ್ಕನ ಗಂಡ," ಎಂದೆ ನಾನು.

"ಹೌದಾ! ಛಲೋ ಬಾರಸ್ತಿದ್ರ ಬಿಡು," ಎಂದು ಅವರು ಮತ್ತೆ ಹಗ್ಗಕ್ಕೆ ಕೈ ಹಾಕಿದರು.

ನೆಗೆಣ್ಣಿ ಕಾದರು. ಮುಂದೆ ಇನ್ನೇನೋ ಬರುತ್ತದೆಂದು ಕಾದಂತಿತ್ತು. ಬರಲಿಲ್ಲ. ಕೊನೆಗೆ ಅವರೇ ಹೇಳಿದರು, "ಅವ್ವ ಹೋದ ದಿನಾ ಬಾರಸಿದ್ದಿದು. ಚಿಪಳಿಯವಗ ಪ್ಲೇಟಿನ್ಯಾಗ ಜಾಗಾ ಎಲ್ಲಿದು, ನಾಟಕಾ ನೋಡಾಕ ಹೋಗ್ಯಾನ ಅಂದಿದ್ದಿಯಲ್ಲ ನೀನು."

"ನಾನಾ?" ತಮ್ಮ ತಲೆ ಎತ್ತಿದರು. ನನ್ನ ಗಂಡನನ್ನು ನೋಡಿದರು, ನನ್ನನ್ನು ನೋಡಿದರು. "ನಾ ಎಂದ ಅಂದಿದ್ದೆ?"

"ಹೆಣದ ಮುಂದ ಅಂದಿದ್ದಿ."

ಅವರು ನೆನಪು ಮಾಡಿಕೊಳ್ಳಲು ನಿಜವಾಗಿ ಹೆಣಗಿದರು, ಅದು ಕಾಣುತ್ತಿತ್ತು. ಸುಳ್ಳು ಹೇಳುವವರ ಮುಖವಲ್ಲ ಅದು. "ಅಂದಿರಬೇಕಕ್ಕಾ," ಎಂದರು ಕೊನೆಗೆ. "ವಯಸ್ಸಿನ್ಯಾಗ ಬಾಯಿ ಸುಮ್ನ ಇರತಿದ್ದಿಲ್ಲ. ನನಗೇನೂ ನೆನಪ ಇಲ್ಲ ನೋಡು. ಅದನ್ನ ಇನ್ನಾ ಇಟಗೊಂಡಿಯೇನು?"

ನೆಗೆಣ್ಣಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನದಿಯ ಕಡೆ ನೋಡುತ್ತಿದ್ದರು. ಯಾವ ಮಾತಿಗಾಗಿ ಅವರು ಅಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದರೋ, ಆ ಮಾತು ಆಡಿದವರ ಬಳಿಯೇ ಇರಲಿಲ್ಲ. ಭಜನೆ ಮುಗಿದಿತ್ತು; ನಾನು ಟೇಪನ್ನು ಕಟ್ಟೆಂದು ನಿಲ್ಲಿಸಿದೆ.

"ಇನ್ನೊಂದ್ಸಲ ಹಚ್ಚು ತಂಗಿ," ಎಂದರು.

ಹಿಂದಕ್ಕೆ ತಿರುಗಿಸಿ ಹಚ್ಚಿದೆ. ಅವರು ತಮ್ಮನ ಪಕ್ಕದಲ್ಲೇ, ಹಗ್ಗದ ನಾರು ಸರಿಸಿ, ನೆಲದ ಮೇಲೆ ಕೂತರು. ಹಾಡು ಗುರುತಿನದೆಂದು ತಮ್ಮನಿಗೆ ಹುರುಪು ಬಂದಿರಬೇಕು; ಹಗ್ಗ ಬಿಟ್ಟು ಮೊಳಕಾಲಿನ ಮೇಲೆ ತಾಳ ತಟ್ಟತೊಡಗಿದರು. ನೆಗೆಣ್ಣಿ ಕೈ ಚಾಚಿ ಆ ಕೈಯನ್ನು ಹಿಡಿದು, ತಮ್ಮ ಮಡಿಲಿಗೆ ಎಳೆದುಕೊಂಡು ಅಲ್ಲೇ ಇಟ್ಟುಕೊಂಡರು.

"ನೀ ಸುಮ್ನ ಕುಂದ್ರು," ಎಂದರು. "ಅವರು ಬಾರಸಾಕತ್ತಾರ."